ಬಾನೆಟ್ ಕೆಳಗಿನ ಯೋಗಕ್ಷೇಮ

ಮಹಾನವಮಿಯ ಬೆಳಿಗ್ಗೆ ಕರ್ನಾಟಕದ ಯಾವ ಊರಿನ ಬೀದಿಯಲ್ಲಿ ನಿಂತರೂ ನೋಟ ಹೆಚ್ಚುಕಡಿಮೆ ಒಂದೇ. ಬಕೆಟ್ಟು, ಪೈಪು, ಸೋಪಿನ ನೊರೆ. ಆಮೇಲೆ ಸೇವಂತಿಗೆ ಹಾರ, ಬಾಳೆಕಂದು, ಗಾಜಿನ ಮೇಲೆ ವಿಭೂತಿಯ ಮೂರು ಪಟ್ಟೆ, ಬಾನೆಟ್ಟಿನ ಮೇಲೆ ಅರಿಸಿನ ಕುಂಕುಮ. ಕುಂಕುಮ ತುಂಬಿದ ಬೂದುಗುಂಬಳ ನಿವಾಳಿಸಿ ಒಡೆದಾದ ಮೇಲೆ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು. ಗಾಡಿ ಒಂದು ಮಾರು ಮುಂದೆ ಸರಿದು ಅವು ಪಚಕ್ಕೆಂದು ಒಡೆದರೆ ಮನೆಮಂದಿಗೆಲ್ಲ ಸಮಾಧಾನ: ಇನ್ನು ವರ್ಷವಿಡೀ ಗಾಡಿಯ ಭಾರ ದೇವರದು. ಇಷ್ಟೆಲ್ಲ ನಡೆಯುವಾಗ ಬಾನೆಟ್ ಮಾತ್ರ ಮುಚ್ಚಿಯೇ ಇರುತ್ತದೆ.

ಒಕ್ಕಲು ಮನೆಗಳ ಆಯುಧಪೂಜೆ ಹೀಗಲ್ಲ. ಕುಡುಗೋಲು, ಮಚ್ಚು, ಗುದ್ದಲಿ, ನೇಗಿಲ ಗುಳ ಎಲ್ಲವನ್ನೂ ಅಂಗಳಕ್ಕೆ ತಂದು, ಅಂಟಿದ ಮಣ್ಣು ಕೆರೆದು, ತುಕ್ಕು ಉಜ್ಜಿ, ಕಾವು ಸಡಿಲವಾಗಿದ್ದರೆ ಬಿಗಿ ಮಾಡಿ, ಆಮೇಲೆ ಸಾಲಾಗಿ ಇಟ್ಟು ಹೂವಿಡುತ್ತಾರೆ. ಕುಡುಗೋಲಿಗೆ ಹೊರಗು ಒಳಗು ಎಂಬುದಿಲ್ಲ. ತೊಳೆದರೆ ಪೂರ್ತಿ ತೊಳೆದಂತೆ. ಅಲ್ಲಿ ಆರೈಕೆಯೇ ಪೂಜೆಯ ಮೊದಲ ಭಾಗ. ಎಂಜಿನ್ನಿಗೆ ಹೊಟ್ಟೆ ಇದೆ, ಅದು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಪೂಜೆ ಬಣ್ಣದ ಮೇಲೆ ನಿಂತಿತು, ಆರೈಕೆ ಗ್ಯಾರೇಜಿಗೆ ಹೋಯಿತು. ಭಾರವನ್ನು ದೇವರಿಗೆ ಒಪ್ಪಿಸಿದ ಮೇಲೆ ಮನುಷ್ಯನ ಪಾಲಿಗೆ ಉಳಿಯುವುದೇನು ಎಂಬ ಹಳೆಯ ಪ್ರಶ್ನೆ ಇಲ್ಲಿ ಹೊಸದಾಗಿ ಏಳುತ್ತದೆ.

ಈ ಪ್ರಶ್ನೆಗೆ ಬೇಕಾದ ಮಾತು ಕನ್ನಡಿಗರ ಬಾಯಲ್ಲಿ ದಿನವೂ ಇದೆ: ಯೋಗಕ್ಷೇಮ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣ, ಬೇರೇನನ್ನೂ ನೆನೆಯದೆ ತನ್ನನ್ನೇ ಉಪಾಸಿಸುವವರ ಯೋಗಕ್ಷೇಮವನ್ನು ತಾನೇ ಹೊರುವುದಾಗಿ ಹೇಳುತ್ತಾನೆ. 1956ರಲ್ಲಿ ಹುಟ್ಟಿದ ಜೀವ ವಿಮಾ ನಿಗಮ ತನ್ನ ಧ್ಯೇಯವಾಕ್ಯವನ್ನು ಆರಿಸಿಕೊಂಡದ್ದು ಅಲ್ಲಿಂದಲೇ. ಶಂಕರರು ಭಾಷ್ಯದಲ್ಲಿ ಈ ಪದವನ್ನು ಎರಡಾಗಿ ಬಿಡಿಸುತ್ತಾರೆ. ಇಲ್ಲದ್ದನ್ನು ಪಡೆಯುವುದು ಯೋಗ; ಪಡೆದದ್ದನ್ನು ಕಾಪಾಡುವುದು ಕ್ಷೇಮ. ಹೊಸ ಕಾರು ಮನೆಗೆ ಬಂದ ದಿನ ಯೋಗದ ದಿನ. ಅಂದು ಸಿಹಿ ಹಂಚುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಕ್ಷೇಮಕ್ಕೆ ಅಂಥ ಒಂದು ದಿನವಿಲ್ಲ. ಅದು ಕೂಲೆಂಟಿನ ರಿಸರ್ವ್ ಟ್ಯಾಂಕಿನ ಮಂಜು ಪ್ಲಾಸ್ಟಿಕ್ಕಿನ ಮೇಲಿರುವ ಎರಡು ಸಣ್ಣ ಗೆರೆಗಳ ನಡುವೆ ಇರುತ್ತದೆ.

ಆ ಗೆರೆಗಳ ಹಿಂದೆ ನಡೆಯುವ ಕೆಲಸ ಸಣ್ಣದಲ್ಲ. ಸಿಲಿಂಡರಿನೊಳಗೆ ಇಂಧನ ಹೊತ್ತಿದಾಗ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಈಗಿನ ಕಾರುಗಳ ಪಿಸ್ಟನ್ನು, ಹೆಡ್ಡು ಅಲ್ಯೂಮಿನಿಯಮ್ಮಿನವು. ಆ ಲೋಹ ಕರಗುವುದು ಸುಮಾರು 660 ಡಿಗ್ರಿಗೆ. ಇಂಧನದ ಶಾಖದಲ್ಲಿ ಅಂದಾಜು ಮೂರನೆಯ ಒಂದು ಪಾಲನ್ನು ಕೂಲೆಂಟ್ ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಒಪ್ಪಿಸದಿದ್ದರೆ ಗಾಡಿ ಕೆಲವು ಮೈಲಿಯೂ ಓಡಲಾರದು. ಮೊದಲು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ನೀರು ಆಯಿಲಿಗೆ ಸೇರುತ್ತದೆ, ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಲು ಬೆರೆತ ಕಾಫಿಯಂತೆ ಕಾಣುತ್ತದೆ.

ಕೂಲೆಂಟ್ ಅಂದರೆ ಬಣ್ಣದ ನೀರು ಎಂದುಕೊಂಡವರು ಬಹಳ ಜನ. ಅದರಲ್ಲಿರುವುದು ಮೂರು: ನೀರು, ಎಥಿಲೀನ್ ಗ್ಲೈಕಾಲ್, ತುಕ್ಕು ತಡೆಯುವ ರಾಸಾಯನಿಕಗಳು. ಗ್ಲೈಕಾಲ್ ಮೊದಲು ಬಂದದ್ದು ಚಳಿದೇಶಗಳ ಗಾಡಿಗಳಿಗೆ. ನೀರಿನೊಡನೆ ಸಮಪಾಲು ಬೆರೆತರೆ ಮೈನಸ್ 37 ಡಿಗ್ರಿಯ ತನಕ ಅದು ಹೆಪ್ಪುಗಟ್ಟುವುದಿಲ್ಲ. ರಾಯಚೂರಿನ ಬಿಸಿಲಲ್ಲಿ ಹಿಮದ ಮಾತೆಲ್ಲಿಂದ ಬಂತು ಎಂದು ಕೇಳುವುದು ಸಹಜ. ಆದರೆ ಅದೇ ಮಿಶ್ರಣ ಬಯಲಿನಲ್ಲಿ ಕುದಿಯುವುದು 107 ಡಿಗ್ರಿಯ ಆಸುಪಾಸಿನಲ್ಲಿ. ರೇಡಿಯೇಟರ್ ಮುಚ್ಚಳ ಸುಮಾರು ಒಂದು ಬಾರ್ ಒತ್ತಡ ಹಿಡಿದಿಟ್ಟರೆ 130ರ ಹತ್ತಿರಕ್ಕೆ ಹೋಗುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತಿರುಗಿಸಿದವರ ಮುಖ ಕೈ ಸುಡುವುದು ಇದೇ ಕಾರಣಕ್ಕೆ: ಒತ್ತಡ ಇಳಿದ ಗಳಿಗೆಯಲ್ಲೇ ಅಷ್ಟು ಹೊತ್ತು ಸುಮ್ಮನಿದ್ದ ದ್ರವ ಒಮ್ಮೆಗೇ ಕುದಿದು ಚಿಮ್ಮುತ್ತದೆ. ಹಾಗೆಂದು ಗ್ಲೈಕಾಲ್ ಹೆಚ್ಚಿದಷ್ಟೂ ಒಳ್ಳೆಯದು ಎಂದೂ ಅಲ್ಲ. ಶಾಖ ಹೊರುವುದರಲ್ಲಿ ನೀರೇ ಮೇಲು.

ಆದರೆ ಎಂಥ ನೀರು? ಕೋಲಾರ, ವಿಜಯಪುರ ಕಡೆಯ ಬೋರ್‌ವೆಲ್ ನೀರನ್ನು ಕಾಯಿಸಿದ ಹಂಡೆಯ ತಳವನ್ನು ಉಗುರಿನಿಂದ ಕೆರೆದು ನೋಡಿದವರಿಗೆ ಬೇರೆ ವಿವರಣೆ ಬೇಡ. ಬಿಳಿಯ ಹಕ್ಕಳೆ, ಸುಣ್ಣದ ಪದರ. ಅದೇ ಪದರ ಎಂಜಿನ್ನಿನ ನೀರಿನ ದಾರಿಗಳಲ್ಲಿ, ಎಲ್ಲಿ ಬಿಸಿ ಹೆಚ್ಚೋ ಅಲ್ಲಿ ಮೊದಲು ಕಟ್ಟುತ್ತದೆ. ಶಾಖ ದಾಟಬೇಕಾದ ಜಾಗದಲ್ಲೇ ಗೋಡೆ ಎದ್ದಂತೆ. ಅದಕ್ಕೇ ಡಿಸ್ಟಿಲ್ಡ್ ವಾಟರ್ ಇಲ್ಲವೇ ಡಿಮಿನರಲೈಸ್ಡ್ ವಾಟರ್ ಎಂಬ ಕಟ್ಟುಪಾಡು. ಬೆರೆಸಿಯೇ ಬರುವ ರೆಡಿಮಿಕ್ಸ್ ಡಬ್ಬಿಗೆ ಮತ್ತೆ ನೀರು ಸೇರಿಸಬಾರದು.

ಹಸಿರು, ಕೆಂಪು, ಗುಲಾಬಿ, ನೀಲಿ ಎಂಬ ಬಣ್ಣ ನೋಡಿ ಕೊಳ್ಳುವ ಅಭ್ಯಾಸ ಇನ್ನೊಂದು ತೊಡಕು. ಬಣ್ಣ ಬರೀ ಬಣ್ಣ. ಸೋರಿದರೆ ಗೊತ್ತಾಗಲಿ ಎಂದು ಹಾಕಿದ್ದು, ಅದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಕೂಲೆಂಟ್ ಬೇರೆಬೇರೆಯಾಗುವುದು ತುಕ್ಕು ತಡೆಯುವ ರಾಸಾಯನಿಕದಲ್ಲಿ. ಸಿಲಿಕೇಟ್, ಫಾಸ್ಫೇಟ್ ಬಳಸುವ ಹಳೆಯ ಬಗೆ ಸಾಧಾರಣವಾಗಿ ಎರಡು ವರ್ಷಕ್ಕೆ ಸೋಲುತ್ತದೆ. ಸಾವಯವ ಆಮ್ಲಗಳ ಬಗೆ ಐದು ವರ್ಷದ ತನಕ ಬಾಳುತ್ತದೆ. ಜಪಾನಿ ತಯಾರಕರು ಹೆಚ್ಚಾಗಿ ಸಿಲಿಕೇಟ್ ಬೇಡವೆಂದು ಫಾಸ್ಫೇಟ್ ಹಿಡಿದರೆ, ಯುರೋಪಿನವರು ತಮ್ಮ ಗಡಸು ನೀರಿಗೆ ಅಂಜಿ ಫಾಸ್ಫೇಟ್ ಬಿಟ್ಟರು. ಹೊಂದದ ಎರಡನ್ನು ಬೆರೆಸಿದರೆ ಕೆಲವೊಮ್ಮೆ ಗಂಜಿಯಂಥ ಬಗ್ಗಡವಾಗಿ ರೇಡಿಯೇಟರಿನ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಬರೆದ ಬಗೆಯನ್ನೇ, ಬರೆದ ಅವಧಿಗೇ ಹಾಕುವುದೇ ಸರಿ. ದ್ರವ ಮಟ್ಟಕ್ಕಿದ್ದರೂ ಅದರ ಕಾಯುವ ಶಕ್ತಿ ಒಳಗೊಳಗೇ ತೀರಿರಬಹುದು; ಟಾಪ್ ಅಪ್ ಮಾಡಿದ ಮಾತ್ರಕ್ಕೆ ಆ ಶಕ್ತಿ ಮರಳುವುದಿಲ್ಲ.

ಇಂಥ ಚಿಂತೆಗೆ ಅಧ್ಯಾತ್ಮದಲ್ಲಿ ಏನು ಜಾಗ ಎಂದು ಕೇಳುವವರಿಗೆ ಶಾಸ್ತ್ರದ ಬೆಂಬಲವೂ ಇದೆ. ಕಠೋಪನಿಷತ್ತಿನ ಯಮ ನಚಿಕೇತನಿಗೆ, ಮಂದಬುದ್ಧಿಯವನು ಯೋಗಕ್ಷೇಮದ ಆಸೆಗೆ ಶ್ರೇಯಸ್ಸನ್ನು ಬಿಟ್ಟು ಪ್ರೇಯಸ್ಸನ್ನು ಹಿಡಿಯುತ್ತಾನೆ ಎನ್ನುತ್ತಾನೆ. ಅಲ್ಲಿ ಈ ಪದಕ್ಕೆ ಮರ್ಯಾದೆ ಕಡಿಮೆ. ತೈತ್ತಿರೀಯದ ಭೃಗುವಲ್ಲಿಯಲ್ಲಿ ಮಾತ್ರ ಅದೇ ಪದ ಎತ್ತರಕ್ಕೆ ಏರುತ್ತದೆ: ಬ್ರಹ್ಮವನ್ನು ಮಾತಿನಲ್ಲಿ ಕ್ಷೇಮವಾಗಿ, ಪ್ರಾಣ ಅಪಾನಗಳಲ್ಲಿ ಯೋಗಕ್ಷೇಮವಾಗಿ, ಕೈಗಳಲ್ಲಿ ಕರ್ಮವಾಗಿ ಉಪಾಸಿಸಬೇಕು ಎನ್ನುತ್ತದೆ. ಯಾರೂ ಗಮನಿಸದೆ ಹಗಲಿರುಳು ಒಳಗೆ ಬಂದು ಹೊರಗೆ ಹೋಗುವ ಉಸಿರೇ ಅಲ್ಲಿ ಪೂಜ್ಯ. ಎಂಜಿನ್ನಿನ ಸುತ್ತ ಸುತ್ತುವ ದ್ರವವೂ ಅಷ್ಟೇ ಮೌನವಾಗಿ ದುಡಿಯುತ್ತದೆ.

ಶಂಕರರ ಭಾಷ್ಯದಲ್ಲೂ ಒಂದು ಸೂಕ್ಷ್ಮವಿದೆ. ಉಳಿದ ಭಕ್ತರ ಯೋಗಕ್ಷೇಮವನ್ನೂ ಭಗವಂತನೇ ಹೊರುವನಲ್ಲವೇ ಎಂಬ ಪ್ರಶ್ನೆಯನ್ನು ಅವರೇ ಎತ್ತುತ್ತಾರೆ. ಹೌದು, ಹೊರುತ್ತಾನೆ, ಆದರೆ ಉಳಿದವರು ತಮಗಾಗಿ ತಾವೂ ಹೆಣಗುತ್ತಾರೆ, ಅನನ್ಯ ಭಕ್ತರು ತಮಗಾಗಿ ಹೆಣಗುವುದಿಲ್ಲ ಎಂಬುದು ಅವರ ಉತ್ತರ. ಇಲ್ಲಿ ತೂಕವಿರುವುದು 'ತಮಗಾಗಿ' ಎಂಬುದರ ಮೇಲೆ. ತನ್ನ ಬದುಕು ಸಾವಿನ ಆಸೆ ಬಿಟ್ಟ ಭಕ್ತನ ಮಾತು ಅದು. ಸೋಮೇಶ್ವರದಿಂದ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಹತ್ತುವ ಪ್ರವಾಸದ ವ್ಯಾನಿನಲ್ಲಿ ಚಾಲಕನ ಹಿಂದೆ ಮುದುಕಿಯರು, ಮಕ್ಕಳು ಕೂತಿರುತ್ತಾರೆ. ಎರಡನೇ ಗೇರಿನಲ್ಲಿ ಎಂಜಿನ್ ಏದುತ್ತಿರುತ್ತದೆ, ವೇಗವಿಲ್ಲದೆ ರೇಡಿಯೇಟರಿಗೆ ಎದುರುಗಾಳಿಯೂ ಸಾಲದು. ಅಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿದರೆ ಅದು ಚಾಲಕನೊಬ್ಬನ ಕ್ಷೇಮದ ಮಾತಲ್ಲ. ಇನ್ನೊಬ್ಬರ ಕ್ಷೇಮವನ್ನು ಕೈಯಲ್ಲಿ ಹಿಡಿದವನಿಗೆ ವೈರಾಗ್ಯದ ನೆಪ ಸಲ್ಲದು.

ಆ ಇನ್ನೊಬ್ಬರ ಪಟ್ಟಿಯಲ್ಲಿ ಬೀದಿನಾಯಿಯೂ ಬರುತ್ತದೆ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಹೊಟ್ಟೆಗೆ ಹೋದರೆ ಯಕೃತ್ತು ಅದನ್ನು ಹಂತಹಂತವಾಗಿ ಆಕ್ಸಾಲಿಕ್ ಆಮ್ಲವಾಗಿಸುತ್ತದೆ. ಅದು ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳಾಗುತ್ತದೆ. ಗ್ಯಾರೇಜಿನ ಮುಂದೆ ಚೆಲ್ಲಿದ ಹಸಿರು ನೀರನ್ನು ನೆಕ್ಕಿದ ನಾಯಿ ಬೆಕ್ಕುಗಳು ಹೀಗೆ ಸಾಯುತ್ತವೆ. ನಾಲಿಗೆಗೆ ಸೋಕದಷ್ಟು ಕಹಿಯಾಗಲಿ ಎಂದು ಕೆಲವು ತಯಾರಕರು ಡೆನಟೋನಿಯಮ್ ಬೆರೆಸುತ್ತಾರೆ, ಎಲ್ಲರೂ ಅಲ್ಲ. ಹಳೆಯ ಕೂಲೆಂಟನ್ನು ಚರಂಡಿಗೆ ಬಿಡದೆ ಮುಚ್ಚಳದ ಕ್ಯಾನಿಗೆ ತುಂಬಿ, ಮೇಲೆ ವಿಷ ಎಂದು ಬರೆದು, ಮಕ್ಕಳ ಕೈಗೆಟುಕದ ಕಡೆ ಇಟ್ಟು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸುವುದು ಅಹಿಂಸೆಯ ಲೆಕ್ಕಕ್ಕೇ ಸೇರಬೇಕಾದ ಕೆಲಸ.

ಯೋಗಕ್ಷೇಮ ಹೊರುತ್ತೇನೆಂದವನು ಸ್ವತಃ ಸಾರಥಿಯಾಗಿದ್ದ. ದ್ರೋಣಪರ್ವದಲ್ಲಿ, ಯುದ್ಧದ ಹದಿನಾಲ್ಕನೆಯ ದಿನ, ಅರ್ಜುನ ಸೂರ್ಯ ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲಬೇಕು, ಇಲ್ಲವಾದರೆ ತಾನು ಬೆಂಕಿಗೆ ಬೀಳಬೇಕು. ಒಂದೊಂದು ಗಳಿಗೆಗೂ ಬೆಲೆ. ಅಂಥ ಹೊತ್ತಿನಲ್ಲಿ, ಬಾಣ ನಾಟಿದ ಕುದುರೆಗಳು ದಣಿದದ್ದು ಕಂಡು, ಶತ್ರುಸೈನ್ಯದ ನಡುಮಧ್ಯದಲ್ಲೇ ರಥ ನಿಂತಿತು. ಅರ್ಜುನ ನೆಲಕ್ಕಿಳಿದು ಒಬ್ಬನೇ ಸುತ್ತಲಿನವರನ್ನು ತಡೆದ. ಬಾಣದಿಂದ ಭೂಮಿ ಸೀಳಿ ಕೊಳ ಮಾಡಿದ, ಬಾಣಗಳಿಂದಲೇ ಮರೆ ಕಟ್ಟಿದ. ಕೃಷ್ಣ ನೊಗ ಬಿಚ್ಚಿ, ಕುದುರೆಗಳ ಮೈಯಿಂದ ಒಂದೊಂದೇ ಬಾಣ ಕಿತ್ತು, ಎರಡೂ ಕೈಯಿಂದ ಮೈ ತಿಕ್ಕಿ, ನೀರು ಕುಡಿಸಿದ. ಅವು ಮಿಂದು, ಮೇವು ತಿಂದು, ದಣಿವಾರಿಸಿಕೊಳ್ಳುವ ತನಕ ಕಾದು, ಆಮೇಲೆ ಮತ್ತೆ ನೊಗಕ್ಕೆ ಹೂಡಿದ. ಸೂರ್ಯ ಆಗಲೇ ಪಡುವಣಕ್ಕೆ ವಾಲಿದ್ದ.