ಕರೆಯಿಸಿಕೊಂಡುದು

ಜಮಖಂಡಿ ಸೀಮೆಯ ತುಬಚಿಯಂಥ ಕೃಷ್ಣಾತೀರದ ಊರುಗಳಲ್ಲಿ ಪಲ್ಲಕ್ಕಿಯು ಹೊಳೆಯಿಂದ ಹಿಂದಿರುಗುವಾಗ, ಹೆಣ್ಣುಮಕ್ಕಳು ತುಂಬಿದ ಕೊಡ ಹಿಡಿದು ಹೊಸ್ತಿಲಿಗೆ ಬಂದು, ಪಲ್ಲಕ್ಕಿ ಹೊತ್ತವರ ಕಾಲಿಗೆ ನೀರು ಹಾಕಿ, ‘ದೇವರ ಬಂತು’ ಎನ್ನುವರು. ‘ಬಂದನು’ ಎನ್ನದೆ ‘ಬಂತು’ ಎಂದ ಮಾತ್ರಕ್ಕೆ ಅವರು ದೇವರನ್ನು ಜಡವೆಂದು ಎಣಿಸಿದರೆಂದಲ್ಲ. ಗಂಡುಹೆಣ್ಣೆಂಬ ಭೇದಕ್ಕೆ ನಿಲುಕದುದನ್ನು ಹೇಳಲು ಆ ಮಾತೇ ತಕ್ಕುದೆಂದು ನನ್ನ ಭಾವನೆ.

ಇಂಗ್ಲಿಷಿನ ‘ಗಾಡ್’ ಶಬ್ದವೂ ಮೊದಲು ನಪುಂಸಕಲಿಂಗದ್ದೇ ಆಗಿದ್ದು, ಜರ್ಮಾನಿಕ್ ಜನಾಂಗಗಳು ಕ್ರೈಸ್ತಮತವನ್ನು ಅಂಗೀಕರಿಸಿದ ಮೇಲೆ ಪುಲ್ಲಿಂಗವಾಯಿತು. ‘ಗುಡ್’ ಎಂಬುದರಿಂದ, ಎಂದರೆ ಒಳ್ಳೆಯದೆಂಬ ಅರ್ಥದಿಂದ, ಅದು ಹುಟ್ಟಿತೆಂಬುದು ಜನಜನಿತವಾದ ಊಹೆ. ಆದರೆ ಪ್ರಾಚೀನ ಇಂಗ್ಲಿಷಿನಲ್ಲಿ ಒಂದರ ಸ್ವರ ಹ್ರಸ್ವ, ಇನ್ನೊಂದರದು ದೀರ್ಘ, ನಮ್ಮ ‘ಕೊಡು’ ‘ಕೋಡು’ಗಳಂತೆ ಅವು ಬೇರೆಬೇರೆ ಶಬ್ದಗಳು. ಭಾಷಾಶಾಸ್ತ್ರಜ್ಞರಲ್ಲಿ ಹಲವರು ‘ಗಾಡ್’ ಶಬ್ದವನ್ನು ಸಂಸ್ಕೃತದ ‘ಹೂತ’ಕ್ಕೆ, ಎಂದರೆ ‘ಆಹ್ವಾನ’ದಲ್ಲಿರುವ ಕರೆಯುವ ಧಾತುವಿಗೆ ಸಂಬಂಧಿಸಿ, ಕರೆಯಿಸಿಕೊಂಡುದೆಂದು ಅರ್ಥ ಹೇಳುವರು, ಬಹುಜನರಿಂದ ಕರೆಯಿಸಿಕೊಂಡ ಇಂದ್ರನಿಗೆ ‘ಪುರುಹೂತ’ನೆಂಬ ಹೆಸರುಂಟಷ್ಟೆ. ಬೇರೆ ಕೆಲವರು ‘ಆಹುತಿ’ಯ ಧಾತುವನ್ನು ಹಿಡಿದು, ಯಾವುದಕ್ಕೆ ಹವಿಸ್ಸನ್ನು ಸುರಿಯುವೆವೋ ಅದು ಎನ್ನುವರು. ಕರೆಯುವುದೂ ಸುರಿಯುವುದೂ ತುಬಚಿಯ ಹೊಸ್ತಿಲಲ್ಲಿ ಒಟ್ಟಿಗೇ ನಡೆಯುತ್ತವೆ.

‘ದೇವ’ ಶಬ್ದವು ಬೆಳಗುವಿಕೆಯನ್ನು ಹೇಳುವ ಧಾತುವಿನಿಂದ ಬಂದು ಆತನ ಸ್ವರೂಪವನ್ನೇ ಸೂಚಿಸುತ್ತಿರಲು, ಮನುಷ್ಯನ ಕೂಗಿನಿಂದ ಹುಟ್ಟಿದ ಹೆಸರು ದೇವರನ್ನು ಕುಗ್ಗಿಸದೆ? ಕರೆಯದಿದ್ದರೆ ಆತನು ದೇವರಲ್ಲವೆ? ಸ್ವರೂಪವನ್ನು ವರ್ಣಿಸಹೊರಟ ಉಪನಿಷತ್ತೇ ಕಡೆಗೆ ‘ನೇತಿ ನೇತಿ’ ಎಂದು ನಿಂತಿರುವಾಗ, ತಿಳಿದು ಕರೆಯುವೆನೆಂಬವನು ಎಂದೆಂದಿಗೂ ಕರೆಯಲಾರನು. ಕೇಳುವವನೊಬ್ಬನುಂಟೆಂಬ ನಂಬುಗೆಯೊಂದೇ ಕರೆಗೆ ಸಾಕು; ಕೂಗಿನಿಂದ ಮಾರ್ಪಡತಕ್ಕವನು ಕೂಗುವವನೇ ಹೊರತು ಕೇಳುವವನಲ್ಲ.

ಇದನ್ನು ಬಾಳಿ ತೋರಿಸಿದವರು ಜಮಖಂಡಿಯಲ್ಲೇ 1886ರಲ್ಲಿ ಜನಿಸಿದ ಗುರುದೇವ ರಾನಡೆಯವರು. ಉಪನಿಷದ್ದರ್ಶನವನ್ನು ಕುರಿತು 1926ರಲ್ಲಿ ಉದ್ಗ್ರಂಥವನ್ನು ಪ್ರಕಟಿಸಿ, ಅನಂತರ ಅಲಾಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದ ಆ ಪಂಡಿತರು, ಉಮದಿಯ ಭಾವೂಸಾಹೇಬ ಮಹಾರಾಜರಿಂದ ಪಡೆದ ನಾಮವನ್ನು ಜೀವಮಾನವೆಲ್ಲ ಸ್ಮರಿಸುತ್ತ, 1957ರಲ್ಲಿ ನಿಂಬಾಳದಲ್ಲಿ ದೇಹವಿಟ್ಟರು. ಕನ್ನಡದ ಶರಣರ, ದಾಸರ ಅನುಭಾವವನ್ನು ಇಂಗ್ಲಿಷಿನಲ್ಲಿ ವಿವೇಚಿಸಿದ ಅವರ ‘ಪಾಥ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್’ 1960ರಲ್ಲಿ ಹೊರಬಂದಿತು. ಆ ಸೀಮೆಯ ತರುಣರು ಅದನ್ನೊಮ್ಮೆ ಓದಬೇಕೆಂದು ಬೇಡಿಕೊಳ್ಳುವೆನು.