ಮೆಟ್ಟಿಲೇರಿದ ಕೆಮ್ಮಣ್ಣು

ಮೈಸೂರಿನಿಂದ ಹುಣಸೂರು ದಾರಿ ಹಿಡಿದರೆ ಸುಮಾರು 15 ಕಿಲೋಮೀಟರಿಗೆ ಇಲವಾಲ. 1957ರ ಸೆಪ್ಟೆಂಬರ್ 21 ಮತ್ತು 22ರಂದು ಇಲ್ಲಿ ಗ್ರಾಮದಾನ ಸಮ್ಮೇಳನ ನಡೆಯಿತು. ವಿನೋಬಾ, ನೆಹರೂ, ಜಯಪ್ರಕಾಶ ನಾರಾಯಣ, ಕೇರಳದ ಅಂದಿನ ಮುಖ್ಯಮಂತ್ರಿ ನಂಬೂದಿರಿಪಾಡ್ ಒಂದೆಡೆ ಕೂತು ಭೂಮಿಯ ಹಂಚಿಕೆಯನ್ನು ಕುರಿತು ಮಾತಾಡಿದರು. ಅದೇ ಊರಿನ ಸುತ್ತ ಈಗ ಬಡಾವಣೆಗಳು ಎದ್ದಿವೆ. ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಹಿತ್ತಲಿಗೆ ಜಾಗವೆಲ್ಲಿ? ನಾಲ್ಕು ಬದನೆ ಗಿಡ ಬೇಕೆಂದವರು ಕೆಮ್ಮಣ್ಣನ್ನು ಚೀಲದಲ್ಲಿ ಹೊತ್ತು ತಾರಸಿಗೆ ಏರಿಸಬೇಕು.

ತಾರಸಿಯಲ್ಲಿ ಮಣ್ಣಿನ ನಡತೆಯೇ ಬೇರೆ. ನೆಲದ ಬೇರು ಬಿಸಿಲಿಗೆ ಹೆದರಿ ಆಳಕ್ಕೆ ಇಳಿಯಬಹುದು. ಕುಂಡದ ಬೇರಿಗೆ ಆ ದಾರಿಯಿಲ್ಲ, ಕಾವು ಸುತ್ತಲಿಂದಲೂ ಬರುತ್ತದೆ. ಏಪ್ರಿಲ್‌ನಲ್ಲಿ ಮೈಸೂರಿನ ಹಗಲು 34-35 ಡಿಗ್ರಿ ಮುಟ್ಟಿದಾಗ ಕಪ್ಪು ಪ್ಲಾಸ್ಟಿಕ್ ಕುಂಡದ ಬಿಸಿಲುಬದಿಯ ಮಣ್ಣು ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ನಡುಮಧ್ಯಾಹ್ನ ಎಲೆ ಜೋತುಬಿದ್ದದ್ದನ್ನು ಕಂಡವರು ಗಾಬರಿಯಿಂದ ಬಕೆಟ್ ಎತ್ತುತ್ತಾರೆ. ಮೊದಲು ಬೆರಳು ತೂರಿಸಿ ನೋಡಬೇಕು. ಮಣ್ಣು ತೇವವಿದ್ದರೆ ಕುಂಡವನ್ನು ನೆರಳಿಗೆ ಸರಿಸಿ ಸಂಜೆಯವರೆಗೆ ಕಾಯುವುದೇ ಸರಿ.

ಹಾಗಾಗಿ ಕಾಪಾಡಬೇಕಾದದ್ದು ಮೊದಲು ಕುಂಡವನ್ನು. ಹೊರಮೈಗೆ ಸುಣ್ಣ ಬಳಿಯುವುದು, ಗೋಣಿತಾಟು ಸುತ್ತುವುದು, ಕುಂಡಗಳನ್ನು ಒತ್ತೊತ್ತಾಗಿ ಇಟ್ಟು ಒಂದರ ನೆರಳು ಇನ್ನೊಂದಕ್ಕೆ ಬೀಳಿಸುವುದು, ಮೇಲ್ಮಣ್ಣಿಗೆ ಒಣ ತರಗಿನ ಹೊದಿಕೆ: ಇವಕ್ಕೆ ಖರ್ಚು ಕಡಿಮೆ, ಫಲ ಬಹಳ. ಕೆಮ್ಮಣ್ಣು, ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿದರೆ ಭಾರವೂ ಇಳಿಯುತ್ತದೆ, ತೇವವೂ ನಿಲ್ಲುತ್ತದೆ.

ಇವೆಲ್ಲಕ್ಕಿಂತ ಮೆಚ್ಚಬೇಕಾದದ್ದು ಮಡಕೆ ನೀರಾವರಿ. ಸುಟ್ಟ, ಆದರೆ ಹೊಳಪು ಕೊಡದ ಸಣ್ಣ ಕುಡಿಕೆಯನ್ನು ಅಗಲ ಕುಂಡದ ನಡುವೆ ಕತ್ತಿನವರೆಗೆ ಹೂಳಿ, ನೀರು ತುಂಬಿ, ಬಾಯಿ ಮುಚ್ಚುತ್ತಾರೆ. ಸುತ್ತಲ ಮಣ್ಣು ಒಣಗಿದಷ್ಟೂ ಕುಡಿಕೆಯ ಮೈಯಿಂದ ನೀರು ಜಿನುಗುತ್ತದೆ; ಮಣ್ಣು ತಣಿದಾಗ ಜಿನುಗು ತಾನಾಗಿ ಇಳಿಯುತ್ತದೆ. ಬೇರುಗಳು ಕುಡಿಕೆಯನ್ನೇ ತಬ್ಬಿ ಬೆಳೆಯುತ್ತವೆ. ಎರಡು ಸಾವಿರ ವರ್ಷಗಳ ಹಿಂದಿನ ಚೀನಾದ ಕೃಷಿಗ್ರಂಥದಲ್ಲೂ ಈ ವಿಧಾನದ ವಿವರವಿದೆ. ನಮ್ಮಲ್ಲಿ ಸಂತೆಯ ಕುಂಬಾರರ ಬಳಿ ಸಿಗುವ ಕುಡಿಕೆ ಸಾಕು.

ಬೆಳೆಯ ಆಯ್ಕೆಯಲ್ಲೂ ಹಟ ಬೇಡ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಬೆಚ್ಚಗೆ ಉಳಿದರೆ ಟೊಮೆಟೊ ಪರಾಗ ಸೊರಗಿ ಹೂವು ಉದುರುತ್ತದೆ. ಬೆಂಡೆ, ಗೋರಿಕಾಯಿ, ಬಸಳೆ, ದಂಟು ಅದೇ ಬಿಸಿಲಲ್ಲಿ ಚಿಗುರುತ್ತವೆ. ಮೈಸೂರಿನದೇ ಆದ ಈರನಗೆರೆ ಬದನೆಗೂ ಒಂದು ಕುಂಡ ಮೀಸಲಿಡಬೇಕು. ಸೊಪ್ಪಿಗೆ ಒಂದು ಗೇಣು ಆಳ ಸಾಕು. ಬದನೆಗೆ ಅದರ ಎರಡರಷ್ಟಾದರೂ ಬೇಕು.

ಹೊರನಾಡಿನ ಕನ್ನಡಿಗರಿಗೆ ಈ ಲೆಕ್ಕ ಇನ್ನೂ ಬಿಗಿ. ಅಮೆರಿಕದ ಫೀನಿಕ್ಸ್‌ನಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ದಾಟಿತ್ತು. ಅಂಥ ಕಡೆ ನೆರಳುಬಲೆಯಿಲ್ಲದೆ ಬೆಂಡೆಯೂ ಬಳಲುತ್ತದೆ. ಊರಿಂದ ತಂದ ಪಂಚಾಂಗ ಅಲ್ಲಿ ನಡೆಯುವುದಿಲ್ಲ. ಯುಗಾದಿಯ ಹೊತ್ತಿಗೆ ಹಾಕಬೇಕೆನಿಸುವ ಬೀಜವನ್ನು ಕೆಲವೊಮ್ಮೆ ದಸರೆಯವರೆಗೆ ಡಬ್ಬಿಯಲ್ಲೇ ಇಡಬೇಕಾಗುತ್ತದೆ. ದುಬೈನ ಬಾಲ್ಕನಿಯಲ್ಲಿ ಟೊಮೆಟೊ ಸಸಿ ಕುಂಡಕ್ಕೆ ಇಳಿಯುವುದು ಅಕ್ಟೋಬರ್‌ನಲ್ಲಿ. ಇಲವಾಲದ ಅಳಿದುಳಿದ ಹೊಲಗಳಲ್ಲಿ ಆಗ ರಾಗಿ ತೆನೆ ಕಟ್ಟುತ್ತಿರುತ್ತದೆ.