ಎಲ್ಲರಿಗೂ ಒಂದೇ ತೂಬು

ಪಾಂಡವಪುರದ ಮನೆಯಲ್ಲಿ ಕೂತು, ಏನೂ ಓದದೆ 'ವೈ' ಒತ್ತಿ ಲಿನಕ್ಸ್ ಅಪ್‌ಡೇಟ್ ಶುರುಮಾಡಿದೆ. ಡಿಸ್ಕ್ ತುಂಬಿ ಅದು ಅರ್ಧಕ್ಕೆ ನಿಂತಿತು. ಆಮೇಲೆ ಎಲ್‌ಎಸ್, ಸಿಪಿ, ಸುಡೊ ಯಾವುದೂ ಏಳಲಿಲ್ಲ. ಎಲ್ಲದರದ್ದೂ ಒಂದೇ ದೂರು: ಲಿಬ್‌ಸಿ ಸಿಗುತ್ತಿಲ್ಲ. ಒಳಗಿದ್ದದ್ದು ನಾಗಮಂಗಲ, ಕೆ.ಆರ್. ಪೇಟೆ ಕಡೆಯ ನೀರಗಂಟಿಗಳ ಮಾತಿನ ಧ್ವನಿಮುದ್ರಣ. ಬೇರೆಲ್ಲೂ ಪ್ರತಿಯಿಲ್ಲ.

ಮೊದಲೇ ತೆರೆದಿದ್ದ ಒಂದು ಟರ್ಮಿನಲ್ ಮಾತ್ರ ಜೀವ ಹಿಡಿದಿತ್ತು. ಅದರ ಲೈಬ್ರರಿ ಆಗಲೇ ಮೆಮೊರಿಗೆ ಬಂದಾಗಿತ್ತು. ಎಕೋ ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಕಡತಗಳ ಹೆಸರು ಕಾಣುತ್ತಿದ್ದವು. ನೋಡಬಹುದು, ಎತ್ತಿಕೊಳ್ಳುವಂತಿಲ್ಲ.

ಕಡತ ತೆರೆಯುವ, ಅಕ್ಷರ ಬರೆಯುವ ಕೆಲಸಕ್ಕೆ ಹೆಚ್ಚಿನ ಪ್ರೋಗ್ರಾಮುಗಳು ಒಂದೇ ಲಿಬ್‌ಸಿಯನ್ನು ನಂಬಿವೆ, ಹುಲಿಕೆರೆ ಸುರಂಗ ದಾಟಿ ಬರುವ ವಿಶ್ವೇಶ್ವರಯ್ಯ ನಾಲೆಯನ್ನು ಮಂಡ್ಯ, ಮದ್ದೂರಿನ ಗದ್ದೆಗಳು ನಂಬಿದ ಹಾಗೆ.

ಹಾಗಾದರೆ ಹಂಚಿಕೊಂಡದ್ದೇ ತಪ್ಪೆ? ಸ್ಟ್ಯಾಟಿಕ್ ಆಗಿ ಕಟ್ಟಿದ ಬಿಸಿಬಾಕ್ಸ್ ತನಗೆ ಬೇಕಾದ್ದನ್ನು ತಾನೇ ಹೊತ್ತಿರುತ್ತದೆ. ಇಂಥ ದಿನವೂ ನಡೆಯುತ್ತದೆ. ನಾನು ಹಾಕಿಕೊಂಡಿರಲಿಲ್ಲ. ಆದರೂ ಎಲ್ಲವೂ ಹಾಗೇ ಇರಲಿ ಅನ್ನಲಾರೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಸಿಕ್ಕಾಗ, ಹಂಚಿಕೊಂಡ ಲೈಬ್ರರಿ ಬದಲಿಸಿ ಸೇವೆಗಳನ್ನು ಮತ್ತೆ ಶುರುಮಾಡಿದರೆ ತೂತು ಮುಚ್ಚುತ್ತಿತ್ತು. ಸ್ವಂತ ಪ್ರತಿ ಹೊತ್ತವನ್ನು ಒಂದೊಂದಾಗಿ ಹುಡುಕಬೇಕಿತ್ತು.

ತೂಬು ಎತ್ತುವ ಮುಂಚೆ ಕೆಳಗಿನ ಗದ್ದೆಗಳನ್ನೆಲ್ಲ ನೋಡಿಬರುತ್ತಿದ್ದೆ ಎಂದು ಆ ಧ್ವನಿಮುದ್ರಣದಲ್ಲಿ ಒಬ್ಬ ಹಿರಿಯರು ಹೇಳುತ್ತಾರೆ. ನಾನು ಡಿಸ್ಕಿನಲ್ಲಿ ಜಾಗವಿದೆಯೇ ಎಂದೂ ನೋಡಿರಲಿಲ್ಲ.

ಶ್ರೀರಂಗಪಟ್ಟಣದ ಗೆಳೆಯ ಲೈವ್ ಪೆನ್‌ಡ್ರೈವ್ ತಂದ. ಅದರಿಂದ ಬೂಟ್ ಮಾಡಿ ಮೊದಲು ಧ್ವನಿಮುದ್ರಣಗಳನ್ನು ಅವನ ಡಿಸ್ಕಿಗೆ ಇಳಿಸಿದೆವು. ಆಮೇಲೆ ಜಾಗ ತೆರವು ಮಾಡಿ, ಲಿಬ್‌ಸಿಯ ಪ್ಯಾಕೇಜನ್ನು ಹೊರಗಿನಿಂದಲೇ ಬಿಚ್ಚಿ ಹಾಕಿದೆವು. ಕ್ರೂಟ್ ಮಾಡೋಣವೆಂದರೆ ಒಳಗಿನ ಶೆಲ್ ಏಳಬೇಕಲ್ಲ!